ಬೀಸುವ ಕಲ್ಲು ತರಗತಿಗೆ ಬಂದ ವರ್ಷ: ಬಾಗಲಕೋಟೆ ಸೀಮೆಯ ಪ್ರೌಢಶಾಲೆಯೊಂದರ ಸಂಗೀತ ಪಾಠ, ಒಂದು ಪ್ರಕರಣ ಅಧ್ಯಯನ

ನಮ್ಮ ಶಾಲೆಯ ಒಂಬತ್ತನೆಯ ತರಗತಿಯಲ್ಲಿ ಆ ವರ್ಷ 38 ಮಕ್ಕಳಿದ್ದರು. ಜೂನ್ ತಿಂಗಳಲ್ಲಿ ಸಂಗೀತದ ಮೊದಲ ಅವಧಿಗೆ ಹೋದಾಗ, "ಯಾರ ಯಾರ ಮನೆಯಲ್ಲಿ ಹಾಡುತ್ತಾರೆ? ಕೈ ಎತ್ತಿ" ಎಂದು ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ. ನಾಲ್ಕು ದಿನಗಳ ಹಿಂದೆಯಷ್ಟೇ ಊರಿನಲ್ಲಿ ಕಾರ ಹುಣ್ಣಿಮೆಯ ಎತ್ತಿನ ಮೆರವಣಿಗೆ ನಡೆದಿತ್ತು. ಕರಡಿ ಎಂಬ ಚರ್ಮವಾದ್ಯದ ಮೇಳವಾದ ಕರಡಿ ಮಜಲಿನ ಮುಂದೆ ಇದೇ ಹುಡುಗರು ಬೆವರಿಳಿಯುವಂತೆ ಕುಣಿದದ್ದನ್ನು ಕಣ್ಣಾರೆ ಕಂಡಿದ್ದೆ. ಹಾಡುವವರಿಲ್ಲದ ಊರು ಅದಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ ಮಕ್ಕಳು ಸುಳ್ಳು ಹೇಳಿರಲಿಲ್ಲ. ಅದು ಹೇಗೆಂದು ಅರ್ಥವಾಗಲು ನನಗೆ ಎರಡು ತಿಂಗಳು ಹಿಡಿಯಿತು.

ಊರಿನ ಹಾಡನ್ನು ಪಾಠದ ಸಾಮಗ್ರಿಯಾಗಿ ಬಳಸಲು ಹೋದಾಗ ಏನೇನಾಯಿತು, ಎಲ್ಲಿ ತಪ್ಪಿದೆ, ಎಲ್ಲಿ ನಿಲ್ಲಬೇಕಾಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಶಾಲೆಯ ಹೆಸರನ್ನು, ಮಕ್ಕಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಏಕೆಂಬುದು ಮುಂದೆ ಓದುತ್ತ ಹೋದಂತೆ ತಿಳಿಯುತ್ತದೆ.

ಊರು ಮತ್ತು ಶಾಲೆ

ಶಾಲೆ ಇರುವುದು ಬಾಗಲಕೋಟೆ ಜಿಲ್ಲೆಯ ಒಂದು ಪುನರ್ವಸತಿ ಕೇಂದ್ರದಲ್ಲಿ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಹಾಕಿದರು. ಮುಂದೆ ಹಿನ್ನೀರು ಏರುತ್ತ ಹೋದಂತೆ ಕೃಷ್ಣೆ, ಘಟಪ್ರಭೆಯರ ದಂಡೆಯ ಊರುಗಳು ಒಂದೊಂದಾಗಿ ಎರೆಹೊಲ ಬಿಟ್ಟು ಕಲ್ಲುಮಡ್ಡಿಯ ಮೇಲಕ್ಕೆ ಬಂದವು. ಜಲಾಶಯದಲ್ಲಿ ಈಗ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸುತ್ತಾರೆ. ಬಾಗಲಕೋಟೆಯ ಜನ ಇದನ್ನೆಲ್ಲ ಒಂದೇ ಮಾತಿನಲ್ಲಿ "ಮುಳುಗಡೆ" ಎನ್ನುತ್ತಾರೆ. ನಮ್ಮ ಊರಿನವರು ಬರುವಾಗ ದೇವರನ್ನು ತಂದರು, ಬಾಗಿಲ ಚೌಕಟ್ಟು, ತೊಲೆಗಳನ್ನು ಬಿಚ್ಚಿಕೊಂಡು ತಂದರು. ಅಜ್ಜಿಯರ ಮಾತಿನಲ್ಲಿ "ಊರು" ಎಂದರೆ ಇಂದಿಗೂ ನೀರಿನ ಕೆಳಗಿರುವುದು. ಮಕ್ಕಳು ಹುಟ್ಟಿದ್ದು ನೇರ ರಸ್ತೆಗಳ, ಸಂಖ್ಯೆ ಬರೆದ ನಿವೇಶನಗಳ ಈ ಹೊಸ ಊರಿನಲ್ಲಿ.

ಸಂಗೀತ ಶಿಕ್ಷಕರೇ ಇಲ್ಲದ ಪ್ರೌಢಶಾಲೆಗಳು ನಮ್ಮ ಸುತ್ತ ಬಹಳ ಇವೆ. ಹೀಗಾಗಿ ವಾರಕ್ಕೆ ಎರಡು ಅವಧಿ, ಒಂದು ಪೇಟಿ (ಹಾರ್ಮೋನಿಯಂ), ಒಂದು ಜೋಡಿ ತಬಲಾ ಇದ್ದ ನಮ್ಮ ಶಾಲೆಯನ್ನು ನಾನು ಉಳ್ಳವರ ಸಾಲಿಗೇ ಸೇರಿಸುತ್ತೇನೆ. ಹತ್ತನೆಯ ತರಗತಿಯ ಅವಧಿಗಳು ದಸರೆಯ ನಂತರ ಗಣಿತದ ವಿಶೇಷ ತರಗತಿಗೆ ಹೋಗುತ್ತಿದ್ದವು. ಎಸ್ಸೆಸ್ಸೆಲ್ಸಿ ಫಲಿತಾಂಶದ ಭಾರ ಹೊತ್ತ ಮುಖ್ಯ ಗುರುಗಳ ಮೇಲೆ ನನಗೆ ಅದಕ್ಕಾಗಿ ಸಿಟ್ಟಿಲ್ಲ. ಎಂಟು ಮತ್ತು ಒಂಬತ್ತನೆಯ ತರಗತಿಗಳೇ ನನ್ನ ಹೊಲ ಎಂದುಕೊಂಡಿದ್ದೆ.

ಕಲಿಸುತ್ತಿದ್ದುದು ನಾನು ಕಲಿತದ್ದನ್ನೇ: ಪ್ರಾರ್ಥನೆ, ನಾಡಗೀತೆ, ಎರಡು ದೇಶಭಕ್ತಿ ಗೀತೆ, ಆಮೇಲೆ ಅಲಂಕಾರಗಳು, ಭೂಪಾಲಿಯ ಆರೋಹ ಅವರೋಹ, ದಾದ್ರಾ, ಕೆಹರವಾ, ತೀನತಾಲ. ಇದು ನಮಗೆ ಪರಕೀಯವಾದುದೇನಲ್ಲ. ಬೀಳಗಿಯಲ್ಲಿ ಹುಟ್ಟಿದ ಚಿತ್ರಗಾಯಕಿ ಅಮೀರ್‌ಬಾಯಿ ಕರ್ನಾಟಕಿ 1940ರ ದಶಕದಲ್ಲಿ ದೇಶಕ್ಕೆಲ್ಲ ಕೇಳಿಸಿದ ದನಿ. ಹಿಂದುಸ್ತಾನಿ ಸಂಗೀತ ಈ ಮಣ್ಣಿನಲ್ಲಿ ಬೇರು ಬಿಟ್ಟಿದೆ. ಆದರೂ ನನ್ನ ತರಗತಿಯಲ್ಲಿ ಹಿಂದಿನ ಎರಡು ಸಾಲಿನ ಹುಡುಗರು ಬಾಯಿ ಮಾತ್ರ ಆಡಿಸುತ್ತಿದ್ದರು, ದನಿ ಇರಲಿಲ್ಲ.

ಮೊದಲು ನಾನು ಮಾಡಿದ ತಪ್ಪು

ಮಕ್ಕಳಿಗೆ ಹತ್ತಿರವಾಗಲಿ ಎಂದು ಜುಲೈನಲ್ಲಿ ಒಂದು "ಜಾನಪದ ಗೀತೆ" ಆರಿಸಿಕೊಂಡೆ. ಮೊಬೈಲಿನಲ್ಲಿ ಸಿಕ್ಕ, ಕೀಬೋರ್ಡಿನ ಹಿಮ್ಮೇಳವಿರುವ, ಮಲೆ ಮಾದಪ್ಪನ ಸೀಮೆಯ ಹಾಡು ಅದು. ಮಕ್ಕಳು ಕಲಿತರು, ಚೆನ್ನಾಗಿಯೂ ಹಾಡಿದರು. ಒಬ್ಬ ಹುಡುಗ ಎದ್ದು ನಿಂತು, "ಅಕ್ಕಾವರೇ, ಈ ದೇವರ ಗುಡಿ ಎಲ್ಲಿದೆ?" ಎಂದು ಕೇಳಿದ. ಚಾಮರಾಜನಗರ ಜಿಲ್ಲೆ ಎಂದೆ. ಅವನು ನಕ್ಷೆಯಲ್ಲಿ ಹುಡುಕಿದ. ರಾಜ್ಯದ ತೆಂಕಣ ತುದಿ! ಹಾಡು ಸುಂದರವಾದುದು, ಕಲಿಯಬಾರದೆಂದು ನಾನು ಹೇಳುವುದಿಲ್ಲ. ಆದರೆ ಜಾನಪದ ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಹಾಡೊಂದು ಸ್ಥಳೀಯವಾಗುವುದಿಲ್ಲ. ಕೃಷ್ಣೆಯ ದಂಡೆಯ ಮಗುವಿಗೆ ಅದು ಭೂಪಾಲಿಯಷ್ಟೇ ಹೊಸದು. ಇನ್ನೂ ನಿಜ ಹೇಳಬೇಕೆಂದರೆ ಭೂಪಾಲಿಗಿಂತ ಹೊಸದು, ಏಕೆಂದರೆ ಭೂಪಾಲಿಯ ಧಾಟಿಯ ಭಜನೆಯನ್ನು ಅದು ಗುಡಿಯ ಕಟ್ಟೆಯಲ್ಲಿ ಕೇಳಿರುತ್ತದೆ.

ಹಾಗಾದರೆ ಊರಿನಲ್ಲಿ ಇರುವುದೇನು? ಅದನ್ನು ತಿಳಿಯಲು ಆಗಸ್ಟ್‌ನಲ್ಲಿ ಮತ್ತೆ ಪ್ರಶ್ನೆ ಹಾಕಿದೆ. ಈ ಬಾರಿ ಮಾತು ಬದಲಿಸಿದೆ. "ಯಾರ ಮನೆಯಲ್ಲಿ ಪದ ಹೇಳುತ್ತಾರೆ?" ಹನ್ನೊಂದು ಕೈಗಳು ಎದ್ದವು. ಆಯಿ (ಅಜ್ಜಿ) ಬೀಸುವ ಪದ ಹೇಳುತ್ತಾಳೆ, ಮುತ್ಯಾ (ಅಜ್ಜ) ಹಂತಿಯ ಪದ ಹೇಳುತ್ತಾನೆ, ಕಾಕಾ ಡೊಳ್ಳಿನ ಪದದ ಮೇಳದಲ್ಲಿದ್ದಾನೆ, ಅಪ್ಪ ಮೊಹರಮ್ಮಿನಲ್ಲಿ ರಿವಾಯತ ಪದ ಹೇಳುತ್ತಾನೆ. ಜೂನ್‌ನಲ್ಲಿ ಕೈ ಏಳದಿದ್ದುದಕ್ಕೆ ಕಾರಣ ಹೊಳೆದದ್ದು ಆಗ. "ಹಾಡು" ಎಂದರೆ ಪೇಟಿ ಇಟ್ಟುಕೊಂಡು ಅಕ್ಕಾವರು ಕಲಿಸುವುದು, ಅಥವಾ ಮೊಬೈಲಿನಲ್ಲಿ ಬರುವುದು. ಮನೆಯಲ್ಲಿ ಇರುವುದು "ಪದ". ಶಾಲೆ ಕೇಳುವುದು ಅದನ್ನಲ್ಲ ಎಂದು ಮಕ್ಕಳು ತಾವಾಗಿಯೇ ತೀರ್ಮಾನಿಸಿಕೊಂಡಿದ್ದರು. ಆ ತೀರ್ಮಾನವನ್ನು ಅವರಿಗೆ ಕಲಿಸಿದ್ದು ನಾವೇ.

ವಹಿಯ ನಾಲ್ಕು ಕಾಲಮ್ಮುಗಳು

ಪ್ರತಿಯೊಬ್ಬರೂ ಒಂದು ವಹಿ (ನೋಟುಪುಸ್ತಕ) ಇಡಬೇಕೆಂದು ಹೇಳಿದೆ. ಪದ, ಹೇಳಿದವರು, ಯಾವಾಗ ಹೇಳುವುದು ಎಂಬ ಮೂರು ಕಾಲಮ್ಮು. ಹದಿನೈದು ದಿನದಲ್ಲಿ ವಹಿಗಳು ತುಂಬಿ ಬಂದವು. ಸೋಬಾನೆ, ಜೋಗುಳ, ಗುಳ್ಳವ್ವನ ಪದ, ಜೋಕುಮಾರನ ಪದ, ಶೀಗಿ ಹುಣ್ಣಿಮೆಯ ಕೋಲಾಟದ ಪದ, ಹರದೇಶಿ ನಾಗೇಶಿಯ ಸವಾಲು ಜವಾಬು. ಓದಿ ಬಹಳ ಸಂತೋಷಪಟ್ಟೆ. ಆಮೇಲೆ ಒಂದು ಪದವನ್ನು ತೋರಿಸಿ "ಹೇಳು" ಎಂದರೆ ಬರೆದ ಹುಡುಗಿ ಸುಮ್ಮನೆ ನಿಂತಳು. ಅಕ್ಷರ ಬಂದಿತ್ತು, ಧಾಟಿ ಬಂದಿರಲಿಲ್ಲ.

ನೆರೆಯ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಂಗಸರ ಪದಗಳನ್ನು ಕಲೆಹಾಕಿ 1931ರಲ್ಲಿ ಅಚ್ಚು ಹಾಕಿಸಿದರು. ಕನ್ನಡಿಗರು ಅವರಿಗೆ ಎಷ್ಟು ಋಣಿಯಾದರೂ ಸಾಲದು. ಆದರೆ ಅಚ್ಚಿನ ಪುಟ ಹೊತ್ತು ತರಬಲ್ಲದ್ದು ಅಕ್ಷರವನ್ನು. ದನಿ ಹೆಂಗಸರ ಗಂಟಲಿನಲ್ಲೇ ಉಳಿಯಿತು. ಸಂಗೀತ ತರಗತಿಗೆ ಬೇಕಾದುದು ಆ ಉಳಿದ ಭಾಗ. ಹೀಗಾಗಿ ವಹಿಯಿಂದ ಪಾಠವಾಗುವುದಿಲ್ಲ, ಪದ ಹೇಳುವವರೇ ಬರಬೇಕು ಎಂದು ನಿರ್ಧರಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸ್ಥಳೀಯ ಕಲಾವಿದರನ್ನು ಬೋಧಕರಾಗಿ ಶಾಲೆಗೆ ಕರೆಯಬೇಕೆನ್ನುತ್ತದೆ. ಅದನ್ನು ತೋರಿಸಿದ ಮೇಲೆ ಮುಖ್ಯ ಗುರುಗಳು ಒಪ್ಪಿದರು. ಕರೆದವರಿಗೆ ಒಂದು ದಿನದ ಕೂಲಿ ತಪ್ಪುತ್ತದೆಂಬುದನ್ನು ಮಾತ್ರ ಯಾವ ಕಾಗದವೂ ಹೇಳಿರಲಿಲ್ಲ. ಶಿಕ್ಷಕರೆಲ್ಲ ಕೂಡಿ ಆ ಕೂಲಿಯನ್ನು ಕೈಯಿಂದ ಕೊಟ್ಟೆವು. ಈ ಕೆಲಸ ಮಾಡಬೇಕೆನ್ನುವವರು ಮೊದಲು ಈ ಲೆಕ್ಕವನ್ನು ಸರಿಮಾಡಿಕೊಳ್ಳಲಿ ಎಂಬುದು ನನ್ನ ಕಳಕಳಿಯ ಮಾತು. ಕೊರಳಿಗೆ ಹಾರ ಹಾಕಿ, ಕೈಯಲ್ಲಿ ಕಾಯಿ ಕೊಟ್ಟು ಕಳಿಸಿದರೆ ಆ ಮನೆಯ ಒಲೆ ಉರಿಯುವುದಿಲ್ಲ.

ಕಲ್ಲು ಇಲ್ಲದೆ ಪದ ಬರುವುದಿಲ್ಲ

ಮೊದಲು ಬಂದವರು ಒಬ್ಬ ಹುಡುಗನ ಆಯಿ, ಎಪ್ಪತ್ತರ ಆಸುಪಾಸಿನವರು. ಕುರ್ಚಿ ಕೊಟ್ಟೆವು, ನೀರು ಕೊಟ್ಟೆವು, ಮಕ್ಕಳು ಸಾಲಾಗಿ ಕುಳಿತರು. ನಾನು ಪೇಟಿ ತೆರೆದು ಕಪ್ಪು ಒಂದರ ಶ್ರುತಿ ಹಿಡಿದೆ. ಆಯಿ ಒಂದು ಸಾಲು ಹೇಳಿದರು, ಪೇಟಿಯ ಕಡೆ ನೋಡಿದರು, ಮತ್ತೆ ಒಂದು ಸಾಲು ಹೇಳಿ ನಿಲ್ಲಿಸಿಬಿಟ್ಟರು. "ನೆನಪಾಗುವುದಿಲ್ಲ ತಂಗೀ. ಕಲ್ಲು ಇಲ್ಲದೆ ಪದ ಎಲ್ಲಿಂದ ಬರಬೇಕು?"

ಮುಂದಿನ ವಾರ ಕಲ್ಲನ್ನೇ ತಂದೆವು. ಹಳೆಯ ಊರಿನಿಂದ ಲಾರಿಯಲ್ಲಿ ಬಂದು ಹಿತ್ತಲಲ್ಲಿ ಮಳೆಗೆ ಬಿದ್ದಿದ್ದ ಕಲ್ಲು. ನಾಲ್ವರು ಹುಡುಗರು ಹೊತ್ತು ತಂದು ವರಾಂಡದಲ್ಲಿ ಗೋಣಿ ಹಾಸಿ ಕೂರಿಸಿದರು. ಗೂಟ ಹೊಸದು, ಬಡಿಗರ ಮನೆಯ ಹುಡುಗ ಮಾಡಿಸಿಕೊಂಡು ಬಂದ. ಒಂದು ಸೇರು ಬಿಳಿಜೋಳ ತಂದಿಟ್ಟೆವು. ಆಯಿ ಕಾಲು ಚಾಚಿ ಕುಳಿತರು, ಎದುರಿಗೆ ಒಬ್ಬ ಹುಡುಗಿಯನ್ನು ಕೂರಿಸಿಕೊಂಡರು, ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ ಬಿಟ್ಟರು. ಕಲ್ಲು ನಾಲ್ಕು ಸುತ್ತು ಬರುವುದರೊಳಗೆ ಪದ ತಾನಾಗಿ ಶುರುವಾಯಿತು. ಅರ್ಧ ಗಂಟೆ ನಿಲ್ಲಲಿಲ್ಲ.

ನಾನು ಆ ದಿನ ಪೇಟಿ ಮುಟ್ಟಲಿಲ್ಲ. ಹಿಂದಿನ ವಾರ ಆದದ್ದೇನೆಂದು ಈಗ ತಿಳಿಯಿತು. ಆಯಿಯ ಗಾಂಧಾರ ಪೇಟಿಯ ಕೋಮಲ ಗಾಂಧಾರವೂ ಅಲ್ಲ, ಶುದ್ಧ ಗಾಂಧಾರವೂ ಅಲ್ಲ. ಎರಡರ ನಡುವೆ ಎಲ್ಲೋ ನಿಲ್ಲುತ್ತದೆ, ಇಳಿಯುವಾಗ ಇನ್ನಷ್ಟು ಕೆಳಗೆ ಸರಿಯುತ್ತದೆ. ಪೇಟಿಗೆ ಅಂಥ ಮನೆಯೇ ಇಲ್ಲ. ಪೇಟಿಯ ದನಿ ಆಯಿಯ ಕಿವಿಯನ್ನು ತನ್ನ ಕಡೆಗೆ ಎಳೆಯುತ್ತಿತ್ತು. ನಾವು ಅದನ್ನು "ಶ್ರುತಿ ಕೊಡುವುದು" ಎಂದುಕೊಂಡಿದ್ದೆವು. ಆಮೇಲೆ ಊರಿನ ಪದಗಳಿಗೆ ಏಕತಾರಿಯ ಒಂದೇ ಸ್ವರವನ್ನಷ್ಟೇ ಇಟ್ಟೆ. ಭಜನೆಯವರ ಬಳಿ ಅದು ಸುಲಭವಾಗಿ ಸಿಕ್ಕಿತು.

ಇಲ್ಲಿಂದ ಪಾಠ ನಿಜವಾಗಿ ತೆರೆದುಕೊಂಡಿತು. ಮಕ್ಕಳು ಸರದಿಯಲ್ಲಿ ಕಲ್ಲು ಬೀಸಿದರು. ಕಾಳು ಹೆಚ್ಚು ಬಿಟ್ಟರೆ ಕಲ್ಲು ಭಾರವಾಗಿ ಲಯ ನಿಧಾನವಾಗುತ್ತದೆ, ಕಾಳು ತೀರುತ್ತ ಬಂದಂತೆ ಓಡುತ್ತದೆ. ವಿಲಂಬಿತ, ಮಧ್ಯ, ದ್ರುತ ಎಂದು ಹಲಗೆಯ ಮೇಲೆ ನಾನು ಎಷ್ಟೋ ಸಾರಿ ಬರೆದಿದ್ದೆ. ತೋಳಿಗೆ ತಿಳಿದದ್ದು ಅವತ್ತು. ಹೊಸ ಹಿಡಿ ಹಾಕುವಾಗ ಆಯಿ ಎರಡನೆಯ ಸಾಲಿನ ತುಂಡನ್ನು ಮತ್ತೊಮ್ಮೆ ಹೇಳಿಕೊಳ್ಳುತ್ತಿದ್ದರು. ಬರೆಯುವಾಗ ಮೂರು ಸಾಲಿರುವ ಪದ ಹೇಳುವಾಗ ನಾಲ್ಕು ಸಾಲಾಗುತ್ತಿತ್ತು.

ಇದನ್ನು ಕನ್ನಡದ ಗುರುಗಳಿಗೆ ಹೇಳಿದೆ. ಅವರು ಮಾರನೆಯ ದಿನವೇ ತರಗತಿಗೆ ಬಂದು ತ್ರಿಪದಿಯ ಲಕ್ಷಣ ಬರೆದರು: ಹನ್ನೊಂದು ಗಣ, ಆರನೆಯದು ಮತ್ತು ಹತ್ತನೆಯದು ಗಿಡ್ಡವಾದ ಬ್ರಹ್ಮಗಣ, ಉಳಿದವು ವಿಷ್ಣುಗಣ. ಮಕ್ಕಳು ಪರೀಕ್ಷೆಗೆ ಬಾಯಿಪಾಠ ಮಾಡುವ ಸೂತ್ರ ಅದು. ಈಗ ಕಲ್ಲು ಬೀಸುತ್ತ ಗಣ ಎಣಿಸಿದರು. ಆರನೆಯ ಗಣದಲ್ಲಿ ಉಸಿರು ಗಿಡ್ಡವಾಗುವುದನ್ನು, ಅದನ್ನು ಆಯಿ ಎಳೆದು ಸುತ್ತಿಗೆ ಸರಿಹೊಂದಿಸುವುದನ್ನು ಕೇಳಿ ಕಂಡುಕೊಂಡರು. ಬರೆದ ಮಾತ್ರೆ ಬೇರೆ, ಹೇಳುವ ಮಾತ್ರೆ ಬೇರೆ. ಐದು ಮಾತ್ರೆಯ ಗಣವನ್ನು ಆಯಿ ಒಮ್ಮೆ ಆರಕ್ಕೆ, ಒಮ್ಮೆ ಎಂಟಕ್ಕೆ ಹಿಗ್ಗಿಸುತ್ತಿದ್ದರು. ಆರಕ್ಕೆ ಹಿಗ್ಗಿದಾಗ ದಾದ್ರಾ, ಎಂಟಕ್ಕೆ ಹಿಗ್ಗಿದಾಗ ಕೆಹರವಾ ಎಂದು ಮಕ್ಕಳೇ ತಾಳ ಹಾಕಿದರು.

ಗುರುಗಳು ಇನ್ನೊಂದು ಮಾತು ಸೇರಿಸಿದರು. ನಮ್ಮದೇ ಜಿಲ್ಲೆಯ ಬಾದಾಮಿಯಲ್ಲಿ, ಕೆರೆಯ ಮೇಲಿನ ಬಂಡೆಯಲ್ಲಿ, ಕಪ್ಪೆ ಅರಭಟ್ಟನ ಶಾಸನವಿದೆ. "ಸಾಧುಗೆ ಸಾಧು" ಎಂದು ಶುರುವಾಗುವ ಅದರ ಸಾಲುಗಳು ಸುಮಾರು 1300 ವರ್ಷ ಹಿಂದಿನ ತ್ರಿಪದಿಗಳು. ಆಯಿ ಹೇಳಿದ ಪದದ ಅಚ್ಚು, ಆ ಬಂಡೆಯ ಅಕ್ಷರಗಳ ಅಚ್ಚು ಒಂದೇ. ಇದನ್ನು ಕೇಳಿ ಮೊಮ್ಮಗ ಮನೆಗೆ ಓಡಿದ. ಶಾಲೆ ಎಂದೂ ಕಾಣದ ಆಯಿಗೆ ಅವನು ಅದನ್ನು ಹೇಗೆ ವಿವರಿಸಿದನೋ ಕಾಣೆ. ಮರುದಿನ ಅವರು ಕರೆಯದೆಯೇ ಬಂದು ಕಲ್ಲಿನ ಮುಂದೆ ಕುಳಿತರು.

ಆ ವಾರದಲ್ಲಿ ಮಕ್ಕಳು ತಾವೇ ತ್ರಿಪದಿ ಕಟ್ಟತೊಡಗಿದರು. ಬಹಳಷ್ಟು ಗಣ ತಪ್ಪಿದವು. ಸರಿ ಬಂದವುಗಳಲ್ಲಿ ಒಂದು ಇದು:

ಹೊಳೆ ಬಂದು ಊರೆಲ್ಲ ಒಳಗಿಟ್ಟು ಕೊಂಡಿತ್ತು
ಲಾರಿಯಲಿ ಬಂತು ಬೀಸೂವ ಕಲ್ಲೊಂದು
ಹಾಡೆಲ್ಲ ಅದರ ಬೆನ್ನೀಗೆ

ಕಟ್ಟಿದವಳು ಮುಳುಗಡೆಯ ಹಳೆಯ ಊರನ್ನು ಒಮ್ಮೆಯೂ ಕಂಡವಳಲ್ಲ.

ಹುಡುಗರ ದನಿ

ಹಿಂದಿನ ಸಾಲಿನ ಹುಡುಗರ ಮಾತಿಗೆ ಬರುತ್ತೇನೆ. ಹದಿಮೂರು ಹದಿನೈದರ ನಡುವೆ ಗಂಡುಮಕ್ಕಳ ಗಂಟಲು ಒಡೆಯುತ್ತದೆ. ಮಧ್ಯ ಷಡ್ಜದಿಂದ ತಾರ ಷಡ್ಜದವರೆಗೆ ಅಲಂಕಾರ ಹಾಡಿಸಿದರೆ ನಡುವೆ ಎಲ್ಲೋ ದನಿ ಬಿರಿಯುತ್ತದೆ, ಹೆಣ್ಣುಮಕ್ಕಳು ನಗುತ್ತಾರೆ, ಅಲ್ಲಿಗೆ ಆ ಹುಡುಗನ ಬಾಯಿ ವರ್ಷಕ್ಕೆಲ್ಲ ಮುಚ್ಚಿತು. ಇದನ್ನು ನಾನು ಬಹಳ ವರ್ಷ ಆಸಕ್ತಿಯ ಕೊರತೆ ಎಂದು ತಿಳಿದಿದ್ದೆ. ಹಂತಿಯ ಪದ ನನ್ನ ಕಣ್ಣು ತೆರೆಸಿತು.

ಹಂತಿ ಎಂದರೆ ರಾಶಿಯ ಕಾಲಕ್ಕೆ ಕಣದ ನಡುವಿನ ಮೇಟಿಗೆ ಕಟ್ಟಿ ಸುತ್ತಿಸುವ ಎತ್ತುಗಳ ಸಾಲು. ರಾತ್ರಿಯೆಲ್ಲ ನಡೆಯುವ ಆ ಕೆಲಸದಲ್ಲಿ ನಿದ್ದೆ ಬಾರದಂತೆ, ಎತ್ತು ನಿಲ್ಲದಂತೆ ಒಬ್ಬ ಹೇಳುತ್ತಾನೆ, ಉಳಿದವರು ಹಿಡಿಯುತ್ತಾರೆ. ಯಂತ್ರಗಳು ಬಂದ ಮೇಲೆ ಕಣವೂ ಹೋಯಿತು, ಹಂತಿಯೂ ಹೋಯಿತು. ಒಬ್ಬ ಮುತ್ಯಾ ಶಾಲೆಗೆ ಬಂದು ಬೇವಿನ ಮರವನ್ನೇ ಮೇಟಿ ಮಾಡಿದರು. ಹತ್ತು ಹುಡುಗರು ಭುಜಕ್ಕೆ ಭುಜ ಕೊಟ್ಟು ಮರದ ಸುತ್ತ ನಡೆದರು, ಮುತ್ಯಾ ಹೇಳಿದ್ದನ್ನು ಹಿಡಿದರು. ಆ ಧಾಟಿ ಇದ್ದುದು ನಾಲ್ಕೈದು ಸ್ವರಗಳ ಒಳಗೆ, ಅದೂ ತಗ್ಗಿನಲ್ಲಿ. ಒಡೆದ ಗಂಟಲಿಗೆ ಅಷ್ಟೇ ಸಾಕಿತ್ತು. ಬಿರಿದ ದನಿ ಗುಂಪಿನಲ್ಲಿ ಕೇಳಿಸಲೂ ಇಲ್ಲ. ಎರಡು ವರ್ಷದಿಂದ ನಾನು ದನಿ ಕೇಳದ ಒಬ್ಬ ಹುಡುಗ ಮೂರನೆಯ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ ಹಿಡಿದುಕೊಂಡ. ಆಮೇಲೆ ನಾನು ಅಲಂಕಾರಗಳನ್ನೂ ಪಂಚಮದವರೆಗೆ ತಂದು ನಿಲ್ಲಿಸತೊಡಗಿದೆ, ಶ್ರುತಿ ತಗ್ಗಿಸಿದೆ. ಊರಿನ ಪದ ನನ್ನ ಶಾಸ್ತ್ರೀಯ ಪಾಠವನ್ನೂ ತಿದ್ದಿತು.

ಎಲ್ಲರೂ ಹಾಡಿದರೆಂದು ಹೇಳಲಾರೆ. ಮೂವರು ಹುಡುಗರು ವರ್ಷದ ಕೊನೆಯವರೆಗೂ ಹಾಡಲಿಲ್ಲ. ಅವರಲ್ಲೊಬ್ಬ ಕರಡಿ ನುಡಿಸುವ ಮನೆತನದವನು, ಕೈಯಲ್ಲಿ ಅದ್ಭುತವಾದ ಲಯವಿತ್ತು. ಅವನಿಗೆ ಹಾಡಿನ ಬದಲು ತಾಳ ಕಲಿಸುವ ಕೆಲಸ ಕೊಟ್ಟೆ. ಅವನು ಹೇಳುತ್ತಿದ್ದ ಬೋಲುಗಳು ನನ್ನ ತಬಲಾದ ಬೋಲುಗಳಲ್ಲ. ಎರಡನ್ನೂ ಹಲಗೆಯ ಮೇಲೆ ಎದುರುಬದುರು ಬರೆದೆವು.

ಒಬ್ಬ ತಂದೆಯ ಆಕ್ಷೇಪ

ದಸರೆಯ ರಜೆಯ ನಂತರ ಒಬ್ಬ ತಂದೆ ಬಂದರು. "ಅಕ್ಕಾವರೇ, ಬೀಸುವ ಪದ ಕಲಿಸಲಿಕ್ಕೆ ಶಾಲೆ ಏಕೆ ಬೇಕು? ನನ್ನ ಅವ್ವ ಬೀಸಿ ಬೀಸಿ ಕೈ ಸವೆಸಿಕೊಂಡಳು. ನನ್ನ ಮಗಳು ಪೇಟಿ ಕಲಿಯಲಿ, ರಾಗ ಕಲಿಯಲಿ ಎಂದು ನಾನು ಕಳಿಸಿದ್ದು." ಈ ಮಾತಿನಲ್ಲಿ ನೋವಿದೆ, ಅದನ್ನು ಹಗುರವಾಗಿ ಕಾಣಬಾರದು. ಬೀಸುವ ಕಲ್ಲನ್ನು ನಾವು ದೂರದಿಂದ ಸೊಗಸೆಂದು ನೋಡುತ್ತೇವೆ. ನಸುಕಿಗೆ ಎದ್ದು ಬೀಸಿದವರ ಮಗನಿಗೆ ಅದು ಕಷ್ಟದ ಗುರುತು. ಅವರನ್ನು ತರಗತಿಗೆ ಕರೆದು ಕೂರಿಸಿದೆ. ಅವತ್ತಿನ ಪಾಠ ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರನ್ನು ಕುರಿತದ್ದು. 1924ರಲ್ಲಿ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಅವರು ಕ್ಷಯರೋಗದಿಂದ ಹಾಸಿಗೆ ಹಿಡಿದು ದೇವಾಸಿನಲ್ಲಿದ್ದಾಗ ಮಾಳವದ ಹಳ್ಳಿಯವರ ಹಾಡಿಗೆ ಕಿವಿ ಕೊಟ್ಟರು. ಆ ಧುನ್‌ಗಳಿಂದ, ಎಂದರೆ ಧಾಟಿಗಳಿಂದ, ಹೊಸ ರಾಗಗಳನ್ನೇ ಹೊರತೆಗೆದು ಅವಕ್ಕೆ "ಧುನ್ ಉಗಮ ರಾಗ" ಎಂದು ಹೆಸರಿಟ್ಟರು. ಹೊಲದಲ್ಲಿ ಹಾಡುವುದಕ್ಕೂ ರಾಗಕ್ಕೂ ನಡುವೆ ಗೋಡೆ ಇಲ್ಲ ಎಂಬುದಕ್ಕೆ ನಮ್ಮ ಪಕ್ಕದ ಜಿಲ್ಲೆಯವರೇ ಸಾಕ್ಷಿ. ಆ ದಿನ ಆಯಿಯ ಪದದ ಸ್ವರಗಳನ್ನು ಮಕ್ಕಳು ಸರಿಗಮದಲ್ಲಿ ಬರೆದರು, ಅದೇ ಸ್ವರಗಳಿಂದ ನಾಲ್ಕು ಅಲಂಕಾರ ಕಟ್ಟಿದರು. ತಂದೆ ಕೊನೆಯವರೆಗೂ ಕುಳಿತಿದ್ದರು. "ಪೇಟಿಯನ್ನೂ ಕಲಿಸಿರಿ" ಎಂದು ಹೇಳಿ ಹೋದರು. ಕಲಿಸಿದೆ. ಅವರು ಕೇಳಿದ್ದು ನ್ಯಾಯವಾದುದು.

ನಾನು ಕೇಳಬಾರದ್ದನ್ನು ಕೇಳಿದ್ದು

ಇಷ್ಟೇ ಆಗಿದ್ದರೆ ಈ ಪ್ರಕರಣವನ್ನು ಬರೆಯುವ ಅಗತ್ಯ ನನಗೆ ಕಾಣುತ್ತಿರಲಿಲ್ಲ.

ಪದ ತಂದವರ ಉತ್ಸಾಹದಲ್ಲಿ ತಾರದವರನ್ನು ನಾನು ಹೆಸರು ಹಿಡಿದು ಕೇಳತೊಡಗಿದ್ದೆ. ಒಬ್ಬ ಹುಡುಗಿಯ ವಹಿ ಖಾಲಿ ಇತ್ತು. ಎರಡು ಸಲ ಎಲ್ಲರ ಮುಂದೆ ಎಬ್ಬಿಸಿ ಕೇಳಿದೆ. "ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ" ಎಂದಳು. ಮೂರನೆಯ ಸಲ ಕೇಳಿದಾಗ ಅವಳ ಕಣ್ಣಲ್ಲಿ ನೀರು ನಿಂತಿತು. ಸಂಜೆ ಶಾಲೆ ಬಿಟ್ಟ ಮೇಲೆ ಪೇಟಿಯ ಕೋಣೆಯ ಬಾಗಿಲಿಗೆ ಬಂದು ನಿಂತು ಹೇಳಿದಳು: "ನಮ್ಮ ಆಯಿ ಚೌಡಿಕೆ ಬಾರಿಸುತ್ತಿದ್ದಳು. ಯಾರಿಗೂ ಹೇಳಬೇಡಿರಿ ಅಕ್ಕಾವರೇ."

ಚೌಡಿಕೆ ಎಲ್ಲಮ್ಮನ ಪದ ಹೇಳುವವರ ತಂತಿವಾದ್ಯ. ನಮ್ಮ ಸೀಮೆಯವರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದವರ ಬಾಳು ಎಂಥದೆಂದು ಬಾಗಲಕೋಟೆ, ಬೆಳಗಾವಿಯ ಹಳ್ಳಿಗಳಿಗೆ ಗೊತ್ತು. ದೇವದಾಸಿ ಪದ್ಧತಿಯನ್ನು ಕರ್ನಾಟಕದಲ್ಲಿ 1982ರ ಕಾಯ್ದೆ ನಿಷೇಧಿಸಿತು. ಪದ್ಧತಿ ಸರಿದರೂ ಅದರ ನೆರಳು ಮೊಮ್ಮಗಳ ಹಾಜರಿ ಪುಸ್ತಕದವರೆಗೆ ಬರುತ್ತದೆ. ನಾನು ಮಗುವನ್ನು ಹೆಸರು ಹಿಡಿದು ಎಬ್ಬಿಸಿ ಕೇಳಿದ್ದು ಆ ನೆರಳನ್ನು. ನನಗೆ ತಿಳಿದಿರಲಿಲ್ಲ ಎಂಬುದು ನೆಪವಾಗದು. ಈ ಜಿಲ್ಲೆಯಲ್ಲಿ ಕಲಿಸುವವಳು ತಿಳಿದಿರಬೇಕಾಗಿತ್ತು.

ಒಂದು ಭಾನುವಾರ ಅವರ ಮನೆಗೆ ಹೋದೆ, ಹುಡುಗಿಯ ತಾಯಿಯನ್ನು ಮೊದಲು ಕೇಳಿಕೊಂಡೇ ಹೋದೆ. ಆಯಿ ಜಗಲಿಯ ಮೇಲೆ ಕುಳಿತಿದ್ದರು. ಶಾಲೆಗೆ ಬನ್ನಿ ಎಂದು ನಾನು ಕೇಳಲಿಲ್ಲ, ಕ್ಷಮೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಅವರು ಒಂದು ಪದ ಹೇಳಿದರು. ಮೊಬೈಲ್ ತೆಗೆಯಬೇಡ ಎಂದರು, ನಾನು ಚೀಲದಿಂದ ತೆಗೆದೇ ಇರಲಿಲ್ಲ. ಹೊರಡುವಾಗ, "ಪದ ಬೇಕಾದರೆ ಒಯ್ಯಿ ತಂಗೀ. ನನ್ನ ಹೆಸರು ಒಯ್ಯಬೇಡ. ಹುಡುಗಿಯ ಓದು ಮುಗಿಯಲಿ" ಎಂದರು.

ಆ ರಾತ್ರಿ ಬಹಳ ಯೋಚಿಸಿದೆ. ಚೌಡಿಕೆಯನ್ನು ಪಾಠದಿಂದಲೇ ಬಿಟ್ಟುಬಿಟ್ಟರೆ ಅದು ನಾಚಿಕೆಯ ವಸ್ತು ಎಂಬುದನ್ನು ಶಾಲೆಯೂ ಒಪ್ಪಿದಂತಾಗುತ್ತದೆ. ತಂದರೆ ತರಗತಿಯ ಕಣ್ಣುಗಳು ಯಾರ ಕಡೆ ತಿರುಗುತ್ತವೆಂದು ಹೇಳಲಾಗದು. ವಿಜ್ಞಾನದ ಗುರುಗಳೊಂದಿಗೆ ಮಾತಾಡಿ ಒಂದು ದಾರಿ ಕಂಡುಕೊಂಡೆವು. ಚೌಡಿಕೆಯಲ್ಲಿ ಮರದ ಕೊಳಗ, ಅದರ ತಳಕ್ಕೆ ಬಿಗಿದ ಚರ್ಮ, ಚರ್ಮದಿಂದ ಹೊರಟ ತಂತಿ. ತಂತಿಯ ಬಿಗಿತ ಹೆಚ್ಚಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ತಂತಿಯ ಕಂಪನ ಮತ್ತು ಬಿಗಿತದ ಸಂಬಂಧ ಹೇಳಲು ಇದಕ್ಕಿಂತ ಒಳ್ಳೆಯ ಉಪಕರಣ ಪ್ರಯೋಗಾಲಯದಲ್ಲಿ ಇರಲಿಲ್ಲ. ಮಕ್ಕಳೆಲ್ಲ ಎಣ್ಣೆಯ ತಗಡಿನ ಡಬ್ಬಿ, ಬಿದಿರುಕಡ್ಡಿ, ತಂತಿಗಳಿಂದ ತಾವೇ ಒಂದೊಂದು ವಾದ್ಯ ಮಾಡಿಕೊಂಡರು. ಅದಕ್ಕೆ ಮೂಲವಾದ ವಾದ್ಯದ ಹೆಸರು ಚೌಡಿಕೆ, ಅದು ಎಲ್ಲಮ್ಮನ ಪದ ಹೇಳುವವರ ವಾದ್ಯ, ಬಾರಿಸುವುದು ಕಷ್ಟದ ವಿದ್ಯೆ ಎಂದು ಸ್ಪಷ್ಟವಾಗಿ ಹೇಳಿದೆ. 1982ರ ಕಾಯ್ದೆಯ ಪಾಠವನ್ನು ಸಮಾಜ ವಿಜ್ಞಾನದ ಶಿಕ್ಷಕಿ ಬೇರೆ ವಾರದಲ್ಲಿ, ಬೇರೆ ಕಾನೂನುಗಳ ಜೊತೆಗೆ ಮಾಡಿದರು. ಎರಡನ್ನೂ ಒಂದೇ ದಿನ ತರದಿರುವುದು ನಾವು ಕೂಡಿ ಮಾಡಿದ ನಿರ್ಧಾರ.

ಡಬ್ಬಿಯ ವಾದ್ಯದಿಂದ ಎಲ್ಲರೂ ಟಂಯ್ ಟಂಯ್ ಎಂಬ ಸದ್ದು ತೆಗೆಯುತ್ತಿದ್ದರು. ಆ ಹುಡುಗಿ ಕಡ್ಡಿಯನ್ನು ಎಡಗೈಯಲ್ಲಿ ಒಂದಿಷ್ಟು ಬಾಗಿಸಿ, ಬಿಟ್ಟು, ಮತ್ತೆ ಬಾಗಿಸಿ, ಮೀಟಿದ ಸ್ವರವನ್ನು ಜಾರಿಸಿ ಕೆಳಗಿನ ಸ್ವರಕ್ಕೆ ಇಳಿಸಿದಳು. ತರಗತಿ ಅವಳ ಕಡೆ ನೋಡಿತು. "ಹೇಗೆ ಮಾಡಿದೆ, ನಮಗೂ ತೋರಿಸು" ಎಂದರು. ಎಲ್ಲಿ ಕಲಿತೆ ಎಂದು ಯಾರೂ ಕೇಳಲಿಲ್ಲ. ಅವಳು ಆ ಅವಧಿಯೆಲ್ಲ ಬೆಂಚಿನಿಂದ ಬೆಂಚಿಗೆ ಹೋಗಿ ತೋರಿಸಿದಳು.

ಉಳಿದ ಲೆಕ್ಕ

ವರ್ಷದ ಕೊನೆಯ ಮೌಲ್ಯಮಾಪನವನ್ನು ಹೀಗೆ ಮಾಡಿದೆ: ಒಂದು ಪದ ಹೇಳುವುದು ಅಥವಾ ಅದಕ್ಕೆ ತಾಳ ಹಾಕುವುದು, ಅದರ ಸ್ವರ ಬರೆಯುವುದು, ಅದನ್ನು ಎಂದು, ಏಕೆ ಹೇಳುತ್ತಾರೆಂದು ವಿವರಿಸುವುದು. ಸ್ವರ ಬರೆಯುವುದರಲ್ಲಿ ಮಕ್ಕಳು ಇನ್ನೂ ಹಿಂದಿದ್ದಾರೆ, ಅದಕ್ಕೆ ಇನ್ನೊಂದು ವರ್ಷ ಬೇಕು. ಒಂದು ಸ್ಪರ್ಧೆಗೆ ಬೀಸುವ ಪದವನ್ನೇ ಒಯ್ದೆವು, ಸ್ಥಾನ ಸಿಗಲಿಲ್ಲ. ಏಕತಾರಿಯ ಒಂಟಿ ಸ್ವರದ ಮೇಲೆ ನಿಂತ ಧಾಟಿ ದೊಡ್ಡ ಸಭಾಂಗಣದಲ್ಲಿ ತೆಳುವಾಗಿ ಕೇಳಿಸಿತು. ಮಕ್ಕಳಿಗೆ ಬೇಸರವಾಯಿತು, ನನಗೂ ಆಯಿತು. ನಾಲ್ಕು ಗೋಡೆಯೊಳಗೆ ಕಲ್ಲಿನ ಜೊತೆ ಹೇಳುವ ಪದವನ್ನು ವೇದಿಕೆಗೆ ಏರಿಸುವುದೇ ಸರಿಯೋ ಎಂಬ ಪ್ರಶ್ನೆಯನ್ನು ನಾನು ಇನ್ನೂ ಬಿಡಿಸಿಕೊಂಡಿಲ್ಲ. ಪೇಟಿಯ ಹಿಮ್ಮೇಳ ಹಾಕಿ ಹೊಳಪು ಕೊಟ್ಟು ಒಯ್ಯುವುದಕ್ಕಂತೂ ನಾನು ಒಪ್ಪುವುದಿಲ್ಲ.

ವಹಿಗೆ ಡಿಸೆಂಬರಿನಲ್ಲಿ ನಾಲ್ಕನೆಯ ಕಾಲಮ್ಮು ಸೇರಿಸಿದೆ: "ಶಾಲೆಗೆ ಒಯ್ಯಲೇ ಎಂದು ಕೇಳಿದೆಯಾ? ಏನೆಂದರು?" ಮೊದಲೇ ಇರಬೇಕಾದ ಕಾಲಮ್ಮು ಅದು. ಆಮೇಲೆ ಕೆಲವು ಪದಗಳು ವಹಿಯಿಂದ ಹೊರಗೆ ಹೋದವು. ಗಂಡಸರ ಮುಂದೆ ಹೇಳುವುದಲ್ಲ ಎಂದು ಒಬ್ಬ ತಾಯಿ ಎರಡು ಸೋಬಾನೆ ಪದಗಳನ್ನು ಹಿಂದಕ್ಕೆ ಪಡೆದರು. ಹೊಡೆದುಹಾಕಿ ಮಗುವಿನ ಕೈಯಲ್ಲೇ ಕಳಿಸಿದೆ.

ಮಾರ್ಚಿನಲ್ಲಿ ವಹಿಗಳನ್ನು ಕೊನೆಯ ಸಲ ನೋಡುವಾಗ ಆ ಹುಡುಗಿಯ ವಹಿಯಲ್ಲಿ ಒಂದು ಪುಟ ತುಂಬಿತ್ತು. ಪದ ಬರೆದಿದ್ದಳು, ಅದರ ಕೆಳಗೆ ಸ್ವರಗಳನ್ನೂ ಬರೆದಿದ್ದಳು. ಹೇಳಿದವರು ಎಂಬ ಕಾಲಮ್ಮು ಖಾಲಿ. ನಾಲ್ಕನೆಯ ಕಾಲಮ್ಮಿನಲ್ಲಿ ಹೀಗಿತ್ತು: "ಕೇಳಿದೆ. ಪದ ಒಯ್ಯಿ ಎಂದರು. ಹೆಸರು ಬರೆಯಬೇಡ ಎಂದರು." ಆ ಪುಟಕ್ಕೆ ಪೂರ್ಣ ಅಂಕ ಹಾಕಿ, ಖಾಲಿ ಕಾಲಮ್ಮಿನ ಪಕ್ಕದಲ್ಲಿ ಸರಿ ಗುರುತು ಮಾಡಿದೆ.